ಇನ್ನೊಂದು ವಿಳಾಸದ ಉತ್ತರ

ಅಕ್ಟೋಬರ್ 7, ಸೋಮವಾರ. ಆಲ್‌ಬೋರ್ಗ್

ಗುಂಪಿನ ಕೋಣೆ ಸಿಕ್ಕಿತು. ನಾಲ್ಕನೆಯ ಮಹಡಿ, ಒಂದು ಮೇಜು, ಮೂರು ಕುರ್ಚಿ, ಒಂದು ಬಿಳಿ ಹಲಗೆ. ಜನವರಿಯವರೆಗೆ ನಾವು ಮೂವರು ಇಲ್ಲೇ ಕೂತು ಒಂದು ಜಾಲಪುಟ ಕಟ್ಟಬೇಕು, ವರದಿ ಬರೆಯಬೇಕು. ಆಮೇಲೆ ಮೂವರನ್ನೂ ಒಟ್ಟಿಗೆ ಕೂರಿಸಿ ಪರೀಕ್ಷೆ. ಒಬ್ಬರು ಕಟ್ಟಿದ್ದು ಕುಸಿದರೆ ಮೂವರ ತಲೆಯ ಮೇಲೂ ಬೀಳುತ್ತದೆ. 

ಸಿಸೆಲ್‌ಗೆ ಇಪ್ಪತ್ತಮೂರು. ಎರಡು ವರ್ಷ ಬೇಕರಿಯಲ್ಲಿ ದುಡಿದು ಬಂದವಳು, ಮಾತು ಕಡಿಮೆ. ಸರ್ವರ್ ಕೆಲಸ ಅವಳದ್ದು. ಮಾಲ್ತೆ ಇದೇ ಊರಿನವನು. ಅವನು ಬಾಯಿ ಮುಚ್ಚಿದ್ದನ್ನು ನಾನಿನ್ನೂ ನೋಡಿಲ್ಲ. ಜನರನ್ನು ಮಾತಾಡಿಸಿ ವರದಿ ಬರೆಯುವುದು ಅವನಿಗೆ. ಜನರ ಕಣ್ಣಿಗೆ ಬೀಳುವ ಪುಟ, ಅದರ ಜಾವಾಸ್ಕ್ರಿಪ್ಟ್ ಎಲ್ಲ, ನನ್ನ ಪಾಲು.

ಮಾಲ್ತೆ ಬಂದವನೇ ಬಾಗಿಲಿಗೆ ಒಂದು ಕಾಗದ ಅಂಟಿಸಿದ. ಯಾರ ತಪ್ಪಿನಿಂದ ಬೇರೆಯವರ ಕೆಲಸ ನಿಲ್ಲುತ್ತದೋ ಅವರು ಶುಕ್ರವಾರ ಕೇಕು ತರತಕ್ಕದ್ದು ಅಂತ. ಈ ದೇಶದಲ್ಲಿ ಇದು ಕಚೇರಿ ಕಚೇರಿಯಲ್ಲೂ ಇರುವ ರೂಢಿಯಂತೆ. ನಾನು ಓದಿದ ಹಾಸ್ಟೆಲ್ ಶಾಲೆಯಲ್ಲಿ ತಪ್ಪು ಮಾಡಿದವರ ಹೆಸರು ಊಟದ ಮನೆಯ ಬಾಗಿಲಲ್ಲಿ ಒಂದು ವಾರ ಇರುತ್ತಿತ್ತು. ನಾನು ಕೇಕು ತರುವ ಪ್ರಸಂಗ ಬರಕೂಡದು ಅಂತ ಅಲ್ಲೇ ನಿಶ್ಚಯ ಮಾಡಿಕೊಂಡೆ.

ಮೇಷ್ಟ್ರು ಬೆಂಟ್ ಒಮ್ಮೆ ಇಣುಕಿ ಹೋದರು. ಇಲ್ಲಿ ಮೇಷ್ಟ್ರನ್ನೂ ಬರಿಯ ಹೆಸರು ಹಿಡಿದು, ಏಕವಚನದಲ್ಲೇ ಕರೆಯುವುದು. ನನಗೆ ನಾಲಿಗೆ ಏಳುವುದಿಲ್ಲ. ಹಾಗಾಗಿ ಅವರನ್ನು ಏನೂ ಕರೆಯದೆ, ಕೆಮ್ಮಿ ಮಾತು ಶುರು ಮಾಡುತ್ತೇನೆ.

ವಿಷಯ ಸೂಚಿಸಿದ್ದು ನಾನೇ. ಗ್ರೀನ್‌ಲೆಂಡಿಗೆ ಸಾಮಾನು ಹೊರುವ ಹಡಗುಗಳಲ್ಲಿ ದುಡಿಯುವವರ ಮನೆಯವರಿಗಾಗಿ ಒಂದು ಪುಟ. ಹಡಗು ಈಗ ಎಲ್ಲಿದೆ, ಯಾವಾಗ ಬರುತ್ತದೆ ಅಂತ ನಕ್ಷೆಯಲ್ಲಿ ಕಾಣಬೇಕು, ಹಡಗಿನಲ್ಲಿರುವವರಿಗೆ ಒಂದು ಚೀಟಿ ಬರೆದಿಡಲು ಜಾಗ ಇರಬೇಕು. ಇಬ್ಬರಿಗೂ ಹಿಡಿಸಿತು. ಅಂಥದೊಂದು ಹಡಗಿನ ಎಂಜಿನ್ ಕೋಣೆಯಲ್ಲಿ ನನ್ನ ಅಮ್ಮ ಇದ್ದಾಳೆ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಇಂಗ್ಲೆಂಡಿನಲ್ಲಿ ಓದಿದವಳು ಈ ಊರಿಗೆ ಯಾಕೆ ಬಂದೆ ಅಂತ ಮಾಲ್ತೆ ಕೇಳಿದ. ಕೋರ್ಸು ಚೆನ್ನಾಗಿದೆ ಅಂದೆ.

ಅಕ್ಟೋಬರ್ 10, ಗುರುವಾರ

ಅಮ್ಮನ ಹಡಗು ಹಾವ್‌ಟೆರ್ನ ಬೆಳಗ್ಗೆ ಬಂದರಿಗೆ ಬಂತು. ಅಮ್ಮನಿಗೆ ನಲವತ್ತು ನಿಮಿಷ ಬಿಡುವಿತ್ತು. ಬಂದರಿನ ಕ್ಯಾಂಟೀನಿನಲ್ಲಿ ಕೂತೆವು. ಕೈಯಲ್ಲಿ ಎಣ್ಣೆಯ ವಾಸನೆ, ಉಗುರಿನ ಅಂಚು ಕಪ್ಪು. ನನ್ನ ತಟ್ಟೆಯ ರೈ ಬ್ರೆಡ್ಡಿಗೆ ತಾನೇ ಲಿವರ್ ಪೇಸ್ಟು ಹಚ್ಚಿಕೊಟ್ಟಳು, ನಾನಿನ್ನೂ ಚಿಕ್ಕವಳು ಅನ್ನುವ ಹಾಗೆ. ನಾನು ತಡೆಯಲಿಲ್ಲ.

ಅಮ್ಮನಿಗೊಂದು ಹೊಸ ಕೆಲಸ ಬಂದಿದೆ. ಗ್ರೀನ್‌ಲೆಂಡಿನ ಪಶ್ಚಿಮ ಕರಾವಳಿಯಲ್ಲೇ ಊರಿಂದೂರಿಗೆ ಓಡಾಡುವ ಚಿಕ್ಕ ಹಡಗು, ಅಲ್ಲಿ ಅವಳೇ ಮುಖ್ಯ ಎಂಜಿನಿಯರು. ಜನವರಿಯಿಂದ ಒಂದು ವರ್ಷ, ಆಮೇಲೆ ಮುಂದುವರಿಯಲೂಬಹುದು. ಆ ಹಡಗು ಈ ಕಡೆಗೆ ಬರುವುದೇ ಇಲ್ಲ. ಡಿಸೆಂಬರ್ ನಡುವಿನೊಳಗೆ ಕಂಪನಿಗೆ ಹೂಂ ಅಥವಾ ಉಹೂಂ ಹೇಳಬೇಕಂತೆ.

"ನೀನೇನಂತೀಯೇ ಟೋವ?" ಅಂದಳು.

"ಒಳ್ಳೇದೇ ಅಲ್ವಾ. ನಿಂಗೆ ಅನುಕೂಲ ಆದ್ರೆ ಸರಿ."

ಅಮ್ಮ ಮೇಜಿನ ಮೇಲಿನ ಚೂರುಗಳನ್ನು ಅಂಗೈಗೆ ಗುಡಿಸಿಕೊಂಡು ಎದ್ದಳು.

ಈ ಊರಿಗೆ ಅರ್ಜಿ ಹಾಕುವಾಗ ನಾನು ಕೋರ್ಸಿನ ವಿವರ ಓದಿರಲೇ ಇಲ್ಲ. ಹಡಗು ಯಾವ ಬಂದರಿಗೆ ಬರುತ್ತದೆ ಅಂತ ನೋಡಿದ್ದೆ, ಅಷ್ಟೇ. ಅಪ್ಪ ಇಂಗ್ಲೆಂಡಿನಲ್ಲಿ ತಮ್ಮ ಹೊಸ ಸಂಸಾರದೊಂದಿಗೆ ಸುಖವಾಗಿದ್ದಾರೆ. ಒಂಬತ್ತನೆಯ ವಯಸ್ಸಿನಿಂದ ನನಗೆ ಹಾಸ್ಟೆಲು. ಈಗ ತಿಂಗಳಿಗೆ ನಲವತ್ತು ನಿಮಿಷ ಅಮ್ಮ ಸಿಗುತ್ತಾಳೆ, ಹಿಂದಿಗಿಂತ ಎಷ್ಟೋ ಮೇಲು ಅಂದುಕೊಂಡಿದ್ದೆ.

ಅಕ್ಟೋಬರ್ 25, ಶುಕ್ರವಾರ

ಚೀಟಿ ಬರೆಯುವ ಭಾಗ ಮುಗಿಯಿತು. ನನ್ನ ಪುಟದಿಂದ ಕೋರಿಕೆ ಹೋಗುತ್ತದೆ, ಸಿಸೆಲ್‌ಳ ಸರ್ವರ್ ಚೀಟಿಗಳನ್ನು ಕಳಿಸುತ್ತದೆ, ಪುಟದಲ್ಲಿ ಸಾಲಾಗಿ ಬಂದು ಕೂರುತ್ತವೆ. ಒಂದು ಗಂಟೆಯ ಕೆಲಸ. ನನಗೇ ನನ್ನ ಮೇಲೆ ಸ್ವಲ್ಪ ಗೌರವ ಬಂತು.

ಆಮೇಲೆ ಹಡಗಿನ ಸ್ಥಳ. ಅದು ಇರುವುದು ಹಡಗು ಕಂಪನಿಯ ಸರ್ವರಿನಲ್ಲಿ, ಬೇರೆಯದೇ ವಿಳಾಸ. ಅದೇ ಬಗೆಯ ಕೋರಿಕೆ ಬರೆದೆ. ಬ್ರೌಸರಿನ ಕೆಳಗೆ ಕೆಂಪು ಸಾಲು ಬಂತು, ಕೊಡಲಾಗದು ಅಂತ. ಹತ್ತು ಸಲ ತಿದ್ದಿದೆ. ಹತ್ತು ಸಲವೂ ಕೆಂಪು.

ಸಿಸೆಲ್ ಬಂದು ನನ್ನ ಹೆಗಲ ಮೇಲಿಂದ ನೋಡಿದಳು. "ನಿನ್ ಕೋಡ್ ಸರಿ ಇದೆ ಕಣೇ. ನಮ್ಮನೇಲಿ ಹಜಾರದಿಂದ ಅಡುಗೆಮನೆಗೆ ಹೋಗೋಕೆ ಯಾರ್ನೂ ಕೇಳ್ಬೇಕಾಗಿಲ್ಲ. ಪಕ್ಕದ್ಮನೆ ಅಡುಗೆಮನೆಗೆ ನುಗ್ಬೇಕಂದ್ರೆ ಅವ್ರು ಬಾ ಅನ್ಬೇಕಲ್ವಾ" ಅಂದಳು.

ಅವಳು ತೋರಿಸಿದ ಮೇಲೆ ಗೊತ್ತಾಯಿತು, ಕೋರಿಕೆ ಹೋಗಿಯೇ ಇರುತ್ತದೆ. ಉತ್ತರವೂ ಬಂದಿರುತ್ತದೆ, ನನ್ನ ಲ್ಯಾಪ್‌ಟಾಪಿನೊಳಗೇ ಇರುತ್ತದೆ. ಆದರೆ ಈ ವಿಳಾಸದವರು ಓದಬಹುದು ಅಂತ ಆ ಕಡೆಯವರು ಉತ್ತರದ ತಲೆಬರಹದಲ್ಲಿ ಒಂದು ಸಾಲು ಬರೆದಿಲ್ಲದಿದ್ದರೆ ಬ್ರೌಸರ್ ಅದನ್ನು ನನ್ನ ಪುಟದ ಕೈಗೆ ಕೊಡುವುದಿಲ್ಲ. ಬಂದ ಉತ್ತರ ಬಂದಲ್ಲೇ ಬಿದ್ದಿರುತ್ತದೆ.

ನಮ್ಮ ಸರ್ವರಿನಿಂದಲೇ ತರಿಸಿ ಹಂಚಬಹುದಲ್ಲ ಅಂತ ಮಾಲ್ತೆ ಅಂದ. ಸರ್ವರುಗಳ ನಡುವೆ ಈ ಕಾವಲು ಇಲ್ಲವಂತೆ. ಆದರೆ ಕೇಳದೆ ಇನ್ನೊಬ್ಬರದ್ದನ್ನು ತಂದು ನಮ್ಮ ಬಾಗಿಲಲ್ಲಿ ಹಂಚುವುದು ಸಿಸೆಲ್‌ಗೆ ಇಷ್ಟವಿಲ್ಲ. ಕಂಪನಿಗೆ ಒಂದು ಕಾಗದ ಬರೆದು, ಅವರ ಪಟ್ಟಿಗೆ ನಮ್ಮ ವಿಳಾಸ ಸೇರಿಸಿ ಅಂತ ಕೇಳಿದರಾಯಿತು ಅಂದಳು. ಪುಟ ನನ್ನದಾದ್ದರಿಂದ ಕಾಗದವೂ ನನ್ನದೇ. ಆಗಲಿ ಅಂದೆ.

ನವೆಂಬರ್ 4, ಸೋಮವಾರ

ಬರೆದಿಲ್ಲ. ಹನ್ನೊಂದು ಸಲ ಶುರು ಮಾಡಿದೆ. ಮೊದಲ ಸಾಲಿನಲ್ಲೇ ಕ್ಷಮೆ ಕೇಳುತ್ತೇನೆ, ಎರಡನೆಯದರಲ್ಲಿ ಇದು ಅಷ್ಟೇನೂ ಮುಖ್ಯವಲ್ಲ ಅನ್ನುತ್ತೇನೆ, ಮೂರನೆಯದನ್ನು ಬರೆಯುವ ಹೊತ್ತಿಗೆ ಕೇಳುವುದೇ ಉಳಿದಿರುವುದಿಲ್ಲ.

ಹಾಸ್ಟೆಲ್ಲಿನ ಮೊದಲ ತಿಂಗಳು ಅಮ್ಮನಿಗೆ ಒಂದು ಕಾಗದ ಬರೆದಿದ್ದೆ, ನನ್ನನ್ನು ಕರಕೊಂಡು ಹೋಗು ಅಂತ. ಹಾಸ್ಟೆಲ್ ಮೇಡಂ ಅದನ್ನು ಓದಿ ನನ್ನನ್ನು ಕರೆಸಿದರು. ಬೈಯಲಿಲ್ಲ. ಸಮುದ್ರದ ಮೇಲಿರುವವರಿಗೆ ಇಂಥದು ಬರೆದರೆ ಅವರ ಕೈ ನಡುಗುತ್ತದೆ, ಎಂಜಿನಿನ ಹತ್ತಿರ ಕೈ ನಡುಗಬಾರದು ಅಂದರು. ಕಾಗದ ವಾಪಸು ಕೊಟ್ಟರು. ಆವತ್ತು ಬೇರೆ ಬರೆದೆ, ಇಲ್ಲಿ ಎಲ್ಲ ಚೆನ್ನಾಗಿದೆ ಅಂತ. ಆಮೇಲೆ ಅದೇ ರೂಢಿಯಾಯಿತು.

ಇವತ್ತು ಜಾಲದಲ್ಲಿ ಹುಡುಕುತ್ತಿದ್ದಾಗ ಒಂದು ಉಪಾಯ ಸಿಕ್ಕಿತು. ಬ್ರೌಸರನ್ನು ತೆರೆಯುವಾಗಲೇ ಒಂದು ಮಾತು ಸೇರಿಸಿದರೆ ಅದು ಕಾವಲು ಬಿಟ್ಟುಬಿಡುತ್ತದೆ. ಯಾರ ಉತ್ತರವನ್ನಾದರೂ ಯಾರ ಕೈಗಾದರೂ ಕೊಡುತ್ತದೆ. ಕೋಡ್ ಕಲಿಯುವವರೆಲ್ಲ ಒಮ್ಮೆ ಮಾಡುವ ಕಳ್ಳತನವಂತೆ. ಮಾಡಿದೆ. ಮಾಡುತ್ತಲೇ ನಕ್ಷೆಯ ಮೇಲೆ ಚುಕ್ಕಿ ಮೂಡಿತು. ಗ್ರೀನ್‌ಲೆಂಡಿನ ದಕ್ಷಿಣ ತುದಿಯನ್ನು ಬಳಸಿ ಈ ಕಡೆಗೆ ಬರುತ್ತಿದೆ, ಗಂಟೆಗೆ ಹದಿನಾಲ್ಕು ಮೈಲಿ.

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ತುಂಬ ಹೊತ್ತು ನೋಡಿಕೊಂಡು ಕೂತೆ. ಹತ್ತು ವರ್ಷದಲ್ಲಿ ಅಮ್ಮ ಈ ಗಳಿಗೆಯಲ್ಲಿ ಎಲ್ಲಿದ್ದಾಳೆ ಅಂತ ನನಗೆ ಗೊತ್ತಿದ್ದದ್ದು ಇದೇ ಮೊದಲು.

ಇಬ್ಬರಿಗೂ ಸಂದೇಶ ಕಳಿಸಿದೆ, ಆಯಿತು ಅಂತ.

ನವೆಂಬರ್ 8, ಶುಕ್ರವಾರ

ಮಾಲ್ತೆ ನನ್ನ ಕುರ್ಚಿಯನ್ನೇ ಎತ್ತಿ ಒಂದು ಸುತ್ತು ತಿರುಗಿಸಿದ. ಚುಕ್ಕಿಯನ್ನು ಮೇಷ್ಟ್ರು ಬೆಂಟ್ ಅವರಿಗೂ ತೋರಿಸಿದ. ಕಂಪನಿಯವರು ಬೇಗನೆ ಒಪ್ಪಿದರಾ ಅಂತ ಸಿಸೆಲ್ ಕೇಳಿದಳು. ಹೂಂ ಅಂದೆ. ಅವಳು ಸರ್ವರಿನ ಕೆಲಸಕ್ಕೆ ಮರಳಿದಳು. ಪುಟವನ್ನು ಎಲ್ಲರೂ ನೋಡುವುದು ನನ್ನ ಲ್ಯಾಪ್‌ಟಾಪಿನಲ್ಲೇ. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯಾಗಿದೆ.

ಒಂದು ಪಕ್ಷ ಉತ್ತರ ಸಿಗದೆ ಹೋದರೆ ಪುಟ ಖಾಲಿ ಕಾಣಬಾರದು ಅಂತ ಕೋಡಿನಲ್ಲಿ ಒಂದು ಸಾಲು ಸೇರಿಸಿದ್ದೇನೆ: "ಹಡಗು ಸಿಗುತ್ತಿಲ್ಲ."

ಸೋಮವಾರದೊಳಗೆ ಕಂಪನಿಗೆ ನಿಜವಾಗಿ ಬರೆದುಬಿಟ್ಟರೆ ಸುಳ್ಳು ಸುಳ್ಳಾಗಿ ಉಳಿಯುವುದಿಲ್ಲ.

ನವೆಂಬರ್ 9, ಶನಿವಾರ

ಹಡಗು ಬಂತು. ಎಂಜಿನಿನಲ್ಲೇನೋ ರಿಪೇರಿ, ಅಮ್ಮ ಗೇಟಿನವರೆಗೆ ಮಾತ್ರ ಬಂದಳು. ಐದು ನಿಮಿಷ. ಆ ಕೆಲಸದ ವಿಷಯ ಮತ್ತೆ ಎತ್ತಿದಳು, ಯೋಚನೆ ಮಾಡಿದೆಯಾ ಅಂತ. ಅದರಲ್ಲಿ ನಾನು ಯೋಚನೆ ಮಾಡುವುದೇನಿದೆ ಅಂದೆ. ಚೆನ್ನಾಗಿ ಓದು ಅಂದಳು.

ಕಂಪನಿಗೆ ಬರೆಯಲಿಲ್ಲ.

ನವೆಂಬರ್ 15, ಶುಕ್ರವಾರ

ಚುಕ್ಕಿ ಆ ದಕ್ಷಿಣ ತುದಿಯ ಹತ್ತಿರ ನಿಂತುಬಿಟ್ಟಿದೆ. ಬಿರುಗಾಳಿಯಂತೆ. ಪಾಠದ ನಡುವೆ ನಲವತ್ತು ಸಲ ನೋಡಿದೆ.

ನವೆಂಬರ್ 16, ಶನಿವಾರ

ಹೊರಟಿದೆ.

ನವೆಂಬರ್ 22, ಶುಕ್ರವಾರ

ಬರೆಯಲು ಮನಸ್ಸಿಲ್ಲ. ಬರೆಯದೆ ಇರಲೂ ಆಗುತ್ತಿಲ್ಲ.

ಇವತ್ತು ಹಡಗಿನವರ ಮನೆಯ ಕೆಲವರಿಗೆ ಪುಟ ತೋರಿಸುವುದಿತ್ತು. ಮಾಲ್ತೆ ಐದು ಜನರನ್ನು ಹಿಡಿದು ತಂದಿದ್ದ. ಬೆಳಗ್ಗೆಯೇ ಸಿಸೆಲ್ ಪುಟವನ್ನು ಊರಿಗೆಲ್ಲ ಕಾಣುವ ವಿಳಾಸಕ್ಕೆ ಏರಿಸಿದಳು. ಎಲ್ಲರ ಬಳಿಯೂ ಒಮ್ಮೆ ತೆರೆದು ನೋಡಬೇಕು ಅಂದಳು, ನನ್ನಲ್ಲಿ ಓಡುತ್ತಿದೆ ಅಂದೆ. ಹೊತ್ತಾಗಿತ್ತು. ನಂಬಿದಳು.

ನನ್ನ ಲ್ಯಾಪ್‌ಟಾಪಿನಿಂದ ಗೋಡೆಯ ಮೇಲೆ ನಕ್ಷೆ ಬಿಟ್ಟೆವು. ಚುಕ್ಕಿ ಗ್ರೀನ್‌ಲೆಂಡಿನ ನೂಕ್ ಬಂದರಿನಿಂದ ಹೊರಡುತ್ತಿತ್ತು. ಎಲ್ಲರೂ ತಲೆದೂಗಿದರು. ಮುಂದಿನ ಸಾಲಿನಲ್ಲಿ ರೂತ್ ಅನ್ನುವ ಮುದುಕಿ ಇದ್ದರು. ಅವರ ಮಗ ಹಾವ್‌ಟೆರ್ನದ ಅಡುಗೆಯವನು. ಅವರು ತಮ್ಮ ಟ್ಯಾಬ್ಲೆಟ್ಟನ್ನು ಚೀಲದಿಂದ ತೆಗೆದು, ಮಾಲ್ತೆ ಕೊಟ್ಟ ವಿಳಾಸವನ್ನು ಒಂದೊಂದೇ ಅಕ್ಷರ ಒತ್ತಿ ತಾವೇ ತೆರೆದರು.

ಅವರ ಬ್ರೌಸರಿಗೆ ಕಾವಲು ಇತ್ತು. ಅಲ್ಲಿ ಬಂದದ್ದು ನನ್ನ ಸಾಲು. ಹಡಗು ಸಿಗುತ್ತಿಲ್ಲ.

ಅವರು ಕೂಗಲಿಲ್ಲ. ಟ್ಯಾಬ್ಲೆಟ್ಟನ್ನು ಮೇಜಿನ ಮೇಲೆ ಇಟ್ಟರು, ಅದು ಮೇಜಿಗೆ ಬಡಿಯುತ್ತ ಟಕಟಕ ಅಂದಿತು. ಯಾಕೆ ಅಂದರೆ ಅವರ ಕೈ ಇನ್ನೂ ಅದರ ಮೇಲೇ ಇತ್ತು. ಹೋದ ವಾರದ ಗಾಳಿಯ ಸುದ್ದಿ ಅವರಿಗೂ ಗೊತ್ತಿತ್ತಲ್ಲ. ಗೋಡೆಯ ಮೇಲೆ ಚುಕ್ಕಿ ಇದೆ ನೋಡಿ ಅಂತ ಮಾಲ್ತೆ ತೋರಿಸಿದ. ಅದು ಹಳೆಯದಿರಬೇಕು ಅಂದರು. ಎಲ್ಲರ ಎದುರಿಗೇ ಕಂಪನಿಗೆ ಫೋನು ಮಾಡಿದರು. ಅವರು ಮಗನ ಹೆಸರು ಹೇಳುವಾಗ ದನಿ ತೀರ ಸಣ್ಣದಾಗಿತ್ತು. ಹಡಗು ಕ್ಷೇಮ ಅಂತ ಆ ಕಡೆಯಿಂದ ಹೇಳಿದರು. ಫೋನು ಮುಚ್ಚಿ, ಕೋಟು ಹಾಕಿಕೊಂಡು, ಯಾರನ್ನೂ ನೋಡದೆ ಹೊರಟುಹೋದರು.

ನೆಟ್‌ವರ್ಕ್ ತೊಂದರೆ ಇರಬೇಕು ಅಂದ ಮಾಲ್ತೆ.  ಕಾರಣ ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ.

ನವೆಂಬರ್ 25, ಸೋಮವಾರ

ನಾನು ಹೋಗುವ ಹೊತ್ತಿಗೆ ಸಿಸೆಲ್ ಕೋಣೆಯಲ್ಲಿದ್ದಳು. ಅವಳ ಲ್ಯಾಪ್‌ಟಾಪಿನಲ್ಲಿ ನಮ್ಮ ಪುಟ, ಕೆಳಗೆ ಅದೇ ಕೆಂಪು ಸಾಲು. ಶನಿವಾರವೇ ನೋಡಿದ್ದಳಂತೆ. ಎರಡು ದಿನ ಯಾರಿಗೂ ಹೇಳದೆ ನಾನು ಬರಲಿ ಅಂತ ಕಾದಿದ್ದಾಳೆ.

"ಅವ್ರನ್ನ ಕೇಳ್ದೆಯಾ?"

"ಇಲ್ಲ."

"ಮತ್ತೆ ನಿನ್ ಲ್ಯಾಪ್‌ಟಾಪಲ್ಲಿ?"

ಕಾವಲು ತೆಗೆದದ್ದನ್ನು ಹೇಳಿದೆ.  ಶಾಲೆಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ನನ್ನನ್ನು ಆಚೆ ನಿಲ್ಲಿಸಿರುತ್ತಿದ್ದರು. ಸಿಸೆಲ್ ಹಣೆ ಉಜ್ಜಿಕೊಂಡಳು.

"ಕೇಳೋಕೇನೇ ಕಷ್ಟ ನಿಂಗೆ?"

"ಬೇಡ ಅಂದ್ರೆ?"

"ಬೇಡ ಅಂದ್ರೆ ಬೇಡ ಅಂತ ಗೊತ್ತಾಗತ್ತೆ. ಈಗೇನ್ ಗೊತ್ತಾಗಿದೆ ಹೇಳು. ಪಾಪ ಆ ಯಮ್ಮನ್ ಜೀವ ಬಾಯಿಗ್ ಬಂತು."

ಅಷ್ಟರಲ್ಲಿ ಮಾಲ್ತೆ ಬಂದ. ಅವನಿಗೆ ಮೊದಲಿನಿಂದ ಹೇಳಬೇಕಾಯಿತು. ಅವನು ನಗಲಿಲ್ಲ, ಅದರಿಂದಲೇ ನನಗೆ ಹೆಚ್ಚು ಭಯವಾಯಿತು. ಪುಟದಲ್ಲಿ ಎಷ್ಟೋ ಹಡಗು ಇರುವಾಗ ಯಾವಾಗಲೂ ಹಾವ್‌ಟೆರ್ನ ಒಂದನ್ನೇ ಯಾಕೆ ತೆರೆದು ಕೂರುತ್ತೀಯ ಅಂತ ಕೇಳಿದ. ಅಮ್ಮ ಇದ್ದಾಳೆ ಅಂದೆ. ಎಂಜಿನ್ ಕೋಣೆಯಲ್ಲಿ.

ಆಮೇಲೆ ಎಲ್ಲ ಬಂದುಬಿಟ್ಟಿತು, ಗ್ರೀನ್‌ಲೆಂಡಿನ ಕೆಲಸ, ಡಿಸೆಂಬರ್ ನಡುವಿನ ಗಡುವು, ನಾನು ಒಳ್ಳೆಯದು ಅಂದದ್ದು. ಅವರು ಕೇಳಿರಲಿಲ್ಲ, ನಾನೇ ಹೇಳುತ್ತ ಹೋದೆ.

ಮಾಲ್ತೆ ಕಿಟಕಿಯ ಕಡೆ ತಿರುಗಿದ. "ಎರಡು ತಿಂಗಳಿಂದ ಒಂದೇ ಮೇಜಲ್ಲಿ ಕೂತಿದೀವಿ ಕಣೇ. ನನ್ ನಾಯಿಗೆ ಹಲ್ನೋವು ಬಂದಿದ್ದು ನಿಂಗ್ ಗೊತ್ತು. ನಿಮ್ಮಮ್ಮ ಎಲ್ಲಿದಾರೆ ಅಂತ ನಂಗ್ ಗೊತ್ತಿಲ್ಲ."

 ಆಮೇಲೆ ಅವನು ಬಾಗಿಲ ಕಾಗದವನ್ನು ಬೆರಳಿನಿಂದ ತಟ್ಟಿದ. ತಪ್ಪಿಗೊಂದು, ಸುಳ್ಳಿಗೊಂದು, ಒಟ್ಟು ಎರಡು ಕೇಕು ಅಂದ. ಮೊದಲನೆಯದನ್ನು ರೂತ್ ಅವರ ಮನೆಗೆ ಒಯ್ಯಬೇಕು ಅಂತ ಸಿಸೆಲ್ ತೀರ್ಪು ಕೊಟ್ಟಳು.

ನವೆಂಬರ್ 26, ಮಂಗಳವಾರ

ಕೇಕು ಕೆಳಗೆ ಸೀದಿತ್ತು. ಸೀದದ್ದನ್ನು ಕತ್ತರಿಸಿ ತೆಗೆದು, ಮೇಲೆ ಕೊಬ್ಬರಿ ಸಕ್ಕರೆ ಸುರಿದು ಒಯ್ದೆ.

ರೂತ್ ಬಾಗಿಲು ತೆರೆದು ನನ್ನ ಮುಖವನ್ನೂ ಡಬ್ಬಿಯನ್ನೂ ನೋಡಿದರು. ಹಡಗಿನದ್ದಲ್ಲ, ತಪ್ಪು ನನ್ನದು ಅಂತ ಹೊಸಿಲಲ್ಲೇ ನಿಂತು ಹೇಳಿಬಿಟ್ಟೆ. ಒಳಗೆ ಹೋದರೆ ಹೇಳಲಾಗುತ್ತಿರಲಿಲ್ಲ. ಅವರು ಕಾಫಿಗಿಟ್ಟರು. ಎರಡು ತುಂಡು ತಿಂದರು.

ಪರವಾಗಿಲ್ಲ ಅಂತ ಅವರು ಅನ್ನಲಿಲ್ಲ. ಆ ಸಂಜೆ ಮಲಗುವವರೆಗೂ ಮೈ ನಡುಗಿತು ಅಂದರು. ಆಮೇಲೆ ನನ್ನ ಸಾಲನ್ನು ತಿದ್ದಿದರು.

"ಸಿಗ್ತಿಲ್ಲ ಅಂತ ಬರೀಬೇಡಮ್ಮ. ಸುದ್ದಿ ಇನ್ನೂ ಬಂದಿಲ್ಲ ಅಂತ ಬರಿ. ಕೊನೇ ಸಲ ಎಷ್ಟ್ ಹೊತ್ತಿಗೆ ಎಲ್ಲಿ ಕಂಡಿತ್ತು ಅಂತಾನೂ ಹಾಕು. ಅಷ್ಟಿದ್ರೆ ನಾವು ಹೇಗೋ ಕಾಯ್ತೀವಿ."

ಹೊರಡುವಾಗ ನನ್ನ ಅಮ್ಮ ಯಾರು ಅಂತ ಕೇಳಿದರು. ಹೇಳಿದೆ. ಡೋರ್ಟೆಯ ಮಗಳಾ ಅಂದರು. ಅವರ ಮಗ ನನ್ನ ಅಮ್ಮನ ವಿಷಯ ಫೋನಿನಲ್ಲಿ ಹೇಳುತ್ತಿರುತ್ತಾನಂತೆ, ಊಟಕ್ಕೆ ಯಾವಾಗಲೂ ಕೊನೆಗೆ ಬರುವವಳು, ಬಟಾಣಿಯನ್ನು ಪಾಯಸದ ಹಾಗೆ ತಿನ್ನುವವಳು ಅಂತ. ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಹೊಟ್ಟೆಕಿಚ್ಚಾಯಿತು.

ನವೆಂಬರ್ 27, ಬುಧವಾರ

ಕಂಪನಿಗೆ ಬರೆದೆ. ನಾಲ್ಕು ಸಾಲು. ನಾವು ಇಂಥವರು, ಪುಟ ಇಂಥದು, ನಮ್ಮ ವಿಳಾಸ ಇದು, ಇದಕ್ಕೆ ನಿಮ್ಮ ಸರ್ವರಿನ ಉತ್ತರ ಓದಲು ಒಪ್ಪಿಗೆ ಬೇಕು. ಕಳಿಸಿದ ಮೇಲೆ ಸಿಸೆಲ್‌ಗೆ ಓದಿ ಹೇಳಿದೆ. ಚೆನ್ನಾಗಿದೆ ಅಂದಳು. ಕ್ಷಮಿಸಿ ಅನ್ನುವುದು ಒಂದೂ ಇಲ್ಲ ಅನ್ನುವುದು ಆಮೇಲೆ ನೋಡಿದಾಗ ಗೊತ್ತಾಯಿತು, ಒರಟಾಯಿತೇನೋ.

ಕಾವಲಿಲ್ಲದ ಬ್ರೌಸರನ್ನು ಅಳಿಸಿ ಹಾಕಿದೆ. ಈಗ ಚುಕ್ಕಿ ಇಲ್ಲ. ಅಮ್ಮ ಎಲ್ಲಿದ್ದಾಳೋ.

ಡಿಸೆಂಬರ್ 3, ಮಂಗಳವಾರ

ಉತ್ತರ ಬಂತು. ಪೌಲ್ ಎರಿಕ್ ಅಂತ, ಅವರ ಸರ್ವರು ನೋಡಿಕೊಳ್ಳುವವರು. ಈ ಕ್ಷಣದ ಸ್ಥಳ ಕೊಡಲಾಗದು, ಸರಕಿನ ವ್ಯವಹಾರ, ಮೇಲಿನವರು ಒಪ್ಪುವುದಿಲ್ಲ. ಮೂರು ಗಂಟೆ ಹಳೆಯದಾದರೆ ಕೊಡಬಹುದು. ಎಲ್ಲರಿಗೂ ತೆರೆದುಬಿಡಲೋ, ನಿಮ್ಮ ವಿಳಾಸಕ್ಕೆ ಮಾತ್ರವೋ ಅಂತ ಕೇಳಿದ್ದಾರೆ. ನಮಗೆ ಮಾತ್ರ ಸಾಕು ಅಂತ ಬರೆದೆ. ಮಧ್ಯಾಹ್ನದ ಹೊತ್ತಿಗೆ ಸೇರಿಸಿದ್ದರು. ಮೂರೂ ಲ್ಯಾಪ್‌ಟಾಪಿನಲ್ಲಿ, ಮಾಲ್ತೆಯ ಫೋನಿನಲ್ಲಿ, ಎಲ್ಲ ಕಡೆ ಚುಕ್ಕಿ ಬಂತು. ಮೂರು ಗಂಟೆ ಹಿಂದಿನ ಅಮ್ಮ.

ರೂತ್ ಅವರಿಗೆ ಫೋನು ಮಾಡಿ ತೆರೆದು ನೋಡಲು ಹೇಳಿದೆ. ಅಕ್ಷರ ಒತ್ತುವ ಸದ್ದು ಕೇಳುತ್ತಿತ್ತು. ಇದೆ ಅಂದರು.

ಡಿಸೆಂಬರ್ 6, ಶುಕ್ರವಾರ

ಎರಡನೆಯ ಕೇಕು. ಇದು ಸೀಯಲಿಲ್ಲ. ಮೇಷ್ಟ್ರು ಬೆಂಟ್ ಮೂರು ತುಂಡು ತಿಂದರು. ಬೆಂಟ್, ಇನ್ನೊಂದು ತಗೋ ಅಂದೆ.

ಡಿಸೆಂಬರ್ 12, ಗುರುವಾರ

ಅಮ್ಮನ ಸಂದೇಶ. ನಾಳೆ ಹತ್ತಕ್ಕೆ ಬರುತ್ತಾಳೆ. ಹೊಸ ಕೆಲಸದ ಕಾಗದ ಬಂದಿದೆ, ನಾಳೆಯೇ ಸಹಿ ಹಾಕಿ ಕಳಿಸಬೇಕಂತೆ.

ಚೆನ್ನಾಗಿದೆ ಅಂತ ಬರೆದು ಅಳಿಸಿದೆ. ಬರುತ್ತೇನೆ ಅಂತ ಮಾತ್ರ ಕಳಿಸಿದೆ.

ಡಿಸೆಂಬರ್ 13, ಶುಕ್ರವಾರ

ಅದೇ ಕ್ಯಾಂಟೀನು. ಅಮ್ಮ ಕಾಗದವನ್ನು ಕಾಫಿ ತಾಗದ ಹಾಗೆ ಮೇಜಿನ ಆ ತುದಿಗೆ ಇಟ್ಟಿದ್ದಳು. ಪೆನ್ನೂ ಇತ್ತು. ಆ ಹಡಗಿನ ವಿಷಯ ಹೇಳುತ್ತಿದ್ದಳು, ಎಂಜಿನ್ ಹಳೆಯದು ಆದರೆ ಚೊಕ್ಕವಾಗಿಟ್ಟಿದ್ದಾರೆ, ಕಿಟಕಿಯಿರುವ ಕೋಣೆ ಕೊಡುತ್ತಾರೆ ಅಂತ. ಅವಳು ಉತ್ಸಾಹದಲ್ಲಿದ್ದಾಳೋ ಉತ್ಸಾಹ ತಂದುಕೊಳ್ಳುತ್ತಿದ್ದಾಳೋ ತಿಳಿಯಲಿಲ್ಲ. ನನಗೆ ಅವಳ ಮುಖ ಓದಲು ಬರುವುದಿಲ್ಲ. ಓದಿ ಅಭ್ಯಾಸವಿಲ್ಲ.

"ಸಹಿ ಹಾಕ್ಬೇಡಮ್ಮ" ಅಂದೆ.

ಅಮ್ಮ ಮಾತು ನಿಲ್ಲಿಸಿದಳು.

"ನೀನು ಅಲ್ಲಿಗೆ ಹೋಗೋದು ನಂಗ್ ಬೇಡ. ನಂಗೆ ನೀನು ಇಲ್ಲಿಗ್ ಬರ್ತಿರ್ಬೇಕು."

"ಒಳ್ಳೇದು ಅಂದಿದ್ಯಲ್ಲೇ. ಎರಡೆರಡು ಸಲ ಕೇಳ್ದೆ ನಿನ್ನ."

"ಸುಳ್ಳು ಹೇಳ್ದೆ."

ಅವಳು ಸಿಟ್ಟಾದಳು. ನಾನದನ್ನು ಎಣಿಸಿರಲಿಲ್ಲ. ಅಳಬಹುದು, ತಬ್ಬಿಕೊಳ್ಳಬಹುದು ಅಂತೆಲ್ಲ ಬಸ್ಸಿನಲ್ಲಿ ಯೋಚಿಸಿದ್ದೆ. ದನಿ ಏರಿಸದೆಯೇ ಸಿಟ್ಟಾದಳು. ಹಾವ್‌ಟೆರ್ನದಲ್ಲಿ ಅವಳ ಜಾಗಕ್ಕೆ ಆಗಲೇ ಬೇರೆಯವನು ಗೊತ್ತಾಗಿದ್ದಾನೆ, ನನ್ನ ಮಾತು ನಂಬಿ ಅವಳೇ ಹೋದ ತಿಂಗಳು ಬಿಟ್ಟುಕೊಟ್ಟಳು. ಈಗ ಸಹಿ ಹಾಕದಿದ್ದರೆ ಅಲ್ಲೂ ಇಲ್ಲ ಇಲ್ಲೂ ಇಲ್ಲ. ನಲವತ್ತೇಳನೆಯ ವಯಸ್ಸಿನಲ್ಲಿ ಎಂಜಿನ್ ಕೋಣೆಗೆ ಹೆಂಗಸನ್ನು ಯಾರು ಕರೆಯುತ್ತಾರೆ ಅಂತ ಕೇಳಿದಳು.

"ಅದು ನಂಗ್ ಗೊತ್ತಿರ್ಲಿಲ್ಲ" ಅಂದೆ. ಇನ್ನೊಂದು ಸಲ ಹಿಂದೆ ಸರಿಯಬಹುದಿತ್ತು, ಸರಿ ಹೋಗು ಅನ್ನಬಹುದಿತ್ತು, ನಾಲಿಗೆಯ ತುದಿಯಲ್ಲೇ ಇತ್ತು. "ಗೊತ್ತಾದ್ಮೇಲೂ ಬೇಡ ಅಂತಾನೇ ಅನ್ಸುತ್ತೆ. ನೀನ್ ಏನ್ ಬೇಕಾದ್ರೂ ಮಾಡು. ಆದ್ರೆ ನಾನು ಒಳ್ಳೇದು ಅಂದೆ ಅಂತ ಹೋಗ್ಬೇಡ."

ಅಮ್ಮ ಕಾಗದ ಮಡಿಸಿ ಜೇಬಿಗಿಟ್ಟಳು. ಸಹಿ ಹಾಕಿರಲಿಲ್ಲ. ಕೆಲಸವಿದೆ ಅಂತ ಎದ್ದಳು. ಗೇಟಿನ ಹತ್ತಿರ ತಿರುಗಿ ನೋಡಲಿಲ್ಲ.

ಡಿಸೆಂಬರ್ 14, ಶನಿವಾರ

ಏನೂ ಬಂದಿಲ್ಲ. ಚುಕ್ಕಿ ಬಂದರಿನಲ್ಲೇ ಇದೆ. ಇಲ್ಲಿಂದ ಸೈಕಲ್ಲಿನಲ್ಲಿ ಹದಿನೆಂಟು ನಿಮಿಷ.

ಡಿಸೆಂಬರ್ 15, ಭಾನುವಾರ

ಸಿಸೆಲ್ ಮತ್ತು ಮಾಲ್ತೆ ಬಂದು ವರದಿಯ ನೆಪದಲ್ಲಿ ಮೂರು ಗಂಟೆ ಕೂತರು. ಇಬ್ಬರೂ ಫೋನು ನೋಡು ಅಂತ ಒಮ್ಮೆಯೂ ಅನ್ನಲಿಲ್ಲ. ನಾನೇ ನೋಡುತ್ತಿದ್ದೆ. ಹಾಗೆ ಹೇಳಿದ್ದು ತಪ್ಪಾಯಿತಾ ಅಂತ ಸಿಸೆಲ್‌ಳನ್ನು ಕೇಳಿದೆ. ಗೊತ್ತಿಲ್ಲ ಅಂದಳು. ಅವಳು ಹಾಗಂದದ್ದಕ್ಕೆ ಯಾಕೋ ಸಮಾಧಾನವಾಯಿತು.

ಡಿಸೆಂಬರ್ 17, ಮಂಗಳವಾರ

ಬೆಳಗ್ಗೆ ಹಾವ್‌ಟೆರ್ನ ಹೊರಟಿತು. ನಕ್ಷೆಯಲ್ಲಿ ನೋಡಿದೆ, ಕಾಲುವೆ ದಾಟಿ ಸಮುದ್ರಕ್ಕೆ ಬಿದ್ದಿತ್ತು. ಅದು ಮೂರು ಗಂಟೆ ಹಿಂದಿನ ಸುದ್ದಿ. ಎದ್ದು ಮುಖ ತೊಳೆದುಕೊಂಡು ಬಂದೆ.

ಹತ್ತೂವರೆಗೆ ಯಾರೋ ಬಾಗಿಲು ತಟ್ಟಿದರು. ಅಮ್ಮ, ಹಡಗಿನ ದೊಡ್ಡ ಚೀಲ ಹೆಗಲಿಗೆ ಹಾಕಿಕೊಂಡು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು. ನನ್ನ ಕೋಣೆಗೆ ಅವಳು ಬಂದದ್ದು ಇದೇ ಮೊದಲು. ಒಳಗೆ ಬರದೆ ಅಲ್ಲೇ ನಿಂತು ಹೇಳಿದಳು:

"ಆರು ತಿಂಗಳು. ವರ್ಷ ಆಗಲ್ಲ ಅಂದೆ, ಮೂರು ದಿನ ಜಗಳ ಆಡ್ದೆ, ಒಪ್ಪಿದ್ರು. ಜುಲೈಗೆ ಇಲ್ಲಿನ್ ಹಡಗಲ್ಲಿ ಜಾಗ ಇದ್ರೆ ವಾಪಸ್ ಬರ್ತೀನಿ. ಇಲ್ದೇ ಹೋದ್ರೆ ಏನ್ ಮಾಡ್ಬೇಕೋ ನಂಗೊತ್ತಿಲ್ಲ. ಇಷ್ಟೇ ಆಗಿದ್ದು ಟೋವ."

ಹೂಂ ಅಂದೆ. ಕಣ್ಣು ತುಂಬಿತ್ತು. ಸಂತೋಷವೂ ಅಲ್ಲ, ಪೂರ್ತಿ ದುಃಖವೂ ಅಲ್ಲ.

"ಜನವರಿ ಎಂಟಕ್ಕೆ ವಿಮಾನ. ಅಲ್ಲೀವರ್ಗೂ ರಜ ಉಳ್ಕೊಂಡಿದೆ. ನಿಂಗ್ ತೊಂದ್ರೆ ಆಗ್ದೇ ಇದ್ರೆ—"

ಚೀಲವನ್ನು ಅವಳ ಹೆಗಲಿನಿಂದ ನಾನೇ ಇಳಿಸಿಕೊಂಡೆ. ಕಲ್ಲು ತುಂಬಿದ ಹಾಗಿತ್ತು.

ಈಗ ಮಧ್ಯಾಹ್ನ ಮೂರು ಗಂಟೆ, ಆಗಲೇ ಬೆಳಕು ಇಳಿಯುತ್ತಿದೆ. ಅಮ್ಮ ನನ್ನ ಹಾಸಿಗೆಯಲ್ಲಿ ಬೂಟು ಕಳಚಿ ಹಾಗೇ ಮಲಗಿಬಿಟ್ಟಿದ್ದಾಳೆ. ನಾನು ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಅಮ್ಮ ಗೊರಕೆ ಹೊಡೆಯುತ್ತಾಳೆ. ಒಂದು ಸಲ ಜೋರಾಗಿ ಎಳೆದು, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ, ಉಸಿರೇ ನಿಂತಿತೇನೋ ಅನ್ನುವಷ್ಟು ಹೊತ್ತು. ಆಮೇಲೆ ಮತ್ತೆ ಶುರು. ನನಗೆ ಹತ್ತೊಂಬತ್ತು ವರ್ಷ, ಇದು ಗೊತ್ತಿರಲಿಲ್ಲ.

ನಮ್ಮ ಪರೀಕ್ಷೆ ಜನವರಿ ಹದಿನಾಲ್ಕಕ್ಕೆ. ಬೇಕಾದವರು ಬಂದು ಕೂತು ನೋಡಬಹುದಂತೆ. ವಿಮಾನ ಎಂಟಕ್ಕೆ. ಅಮ್ಮ ಏಳಲಿ, ಕೇಳುತ್ತೇನೆ.